ಅಚ್ಚಾದ ಪುಟದ ಆಯುಷ್ಯ

ಸಾಹುಕಾರನ ಆಸ್ತಿಯನ್ನು ಅಳೆಯುವುದು ಸುಲಭ. ಉತಾರ ತೆಗೆಸಿ ನೋಡಿದರೆ ಹೊಲಮನೆಗಳ ಲೆಕ್ಕ ಸಿಗುತ್ತದೆ. ನೇಕಾರನದಾದರೆ ಮಗ್ಗಗಳನ್ನು ಎಣಿಸಬಹುದು. ಆದರೆ ವಿದ್ವಾಂಸನ ಮನೆಯಲ್ಲಿ ಎಣಿಸತಕ್ಕದ್ದು ಯಾವುದು? ಅವನು ಓದಿದ ಪುಸ್ತಕಗಳೇ? ಪಡೆದ ಪದವಿಗಳೇ? ಅಥವಾ ಅವನು ಬರೆದು ಅಚ್ಚು ಹಾಕಿಸಿದ ಲೇಖನಗಳೇ? ಈ ಪ್ರಶ್ನೆ ಇಂದು ವಿಶ್ವವಿದ್ಯಾನಿಲಯಗಳ ಗೋಡೆಯೊಳಗೆ ಮಾತ್ರ ಉಳಿದಿಲ್ಲ. ವಿಜ್ಞಾನವನ್ನೋದುವ ಮಗನೋ ಮಗಳೋ ಇರುವ ಪ್ರತಿಯೊಂದು ಮನೆಯ ಪಡಸಾಲೆಗೂ ಅದು ಬಂದು ಕುಳಿತಿದೆ. ಕೆಲಸ ಸಿಗುವುದು, ಬಡ್ತಿ ಸಿಗುವುದು, ಸಂಶೋಧನೆಗೆ ಹಣ ಸಿಗುವುದು ಎಲ್ಲವೂ ಬಹುಮಟ್ಟಿಗೆ ಆ ಲೆಕ್ಕವನ್ನೇ ಅವಲಂಬಿಸಿವೆ.

ಲೆಕ್ಕದ ರೀತಿಯನ್ನು ತಿಳಿಯಲು ಬಹು ದೂರ ಹೋಗಬೇಕಾಗಿಲ್ಲ. ಹುನಗುಂದದ ಸೀಮೆಯಲ್ಲಿ ರಾಮಥಾಳವಿದೆ. ಅದೇ ಸೀಮೆಯಲ್ಲಿ ಐಹೊಳೆಯೂ ಇದೆ. ಐಹೊಳೆಯ ಮೇಗುಟಿಯ ಗುಡಿಯ ಗೋಡೆಯ ಮೇಲೆ ಇಮ್ಮಡಿ ಪುಲಕೇಶಿಯ ಕೀರ್ತಿಯನ್ನು ಹಾಡಿದ ರವಿಕೀರ್ತಿಯ ಶಾಸನವಿದೆ; ಕಾಲ ಕ್ರಿ. ಶ. 634-35. ತನ್ನ ಕವಿತಾಶಕ್ತಿಯನ್ನು ಬಣ್ಣಿಸುವಾಗ ರವಿಕೀರ್ತಿ ಕಾಳಿದಾಸ ಭಾರವಿಗಳ ಹೆಸರನ್ನೆತ್ತುತ್ತಾನೆ. ಅವನು ಎತ್ತಿದ್ದು ತನ್ನ ಹಿರಿಮೆಗಾಗಿ. ಉಪಕಾರವಾದದ್ದು ಮಾತ್ರ ಚರಿತ್ರಕಾರರಿಗೆ. ಕಾಳಿದಾಸ ಭಾರವಿಗಳು ಎಷ್ಟೇ ಈಚಿನವರಾದರೂ 634ಕ್ಕಿಂತ ಈಚಿನವರಲ್ಲ ಎಂದು ಹೇಳಲು ಆ ಒಂದು ಉಲ್ಲೇಖ ಕಲ್ಲಿನ ಮೇಲಿನ ಆಧಾರವಾಯಿತು. ಒಬ್ಬ ವಿದ್ವಾಂಸನನ್ನು ಮತ್ತೊಬ್ಬ ವಿದ್ವಾಂಸ ಹೆಸರಿಸುವುದರ ಬೆಲೆ ಇದು. ಹೆಸರಿಸಿದವನ ಉದ್ದೇಶ ಏನೇ ಇರಲಿ, ಹೆಸರಿಸಲ್ಪಟ್ಟವನ ಕೃತಿ ಇನ್ನೊಬ್ಬನ ಕೈಗೆ ತಲುಪಿತ್ತೆಂಬುದು ಅದರಿಂದ ಸಿದ್ಧವಾಗುತ್ತದೆ.

ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಎಂಬಾತ ಈ ವಿಚಾರವನ್ನೇ ಯಂತ್ರಕ್ಕೆ ಅಳವಡಿಸಿದ. ಯಾವ ವೈಜ್ಞಾನಿಕ ಲೇಖನವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದರೆಂಬುದರ ಸೂಚಿಯನ್ನು ತಯಾರಿಸಬೇಕೆಂದು 1955ರಲ್ಲಿ ಬರೆದು, 1964ರಿಂದ ಅಂಥ ಸೂಚಿಯನ್ನು ಪ್ರಕಟಿಸತೊಡಗಿದ. ಮುಂದೆ 2005ರಲ್ಲಿ ಹರ್ಷ್ ಎಂಬ ಭೌತಶಾಸ್ತ್ರಜ್ಞ ಇನ್ನೊಂದು ಅಳತೆಯನ್ನು ಸೂಚಿಸಿದ. ಒಬ್ಬ ಸಂಶೋಧಕನ ಹತ್ತು ಲೇಖನಗಳು ತಲಾ ಹತ್ತು ಬಾರಿಯಾದರೂ ಉಲ್ಲೇಖಗೊಂಡಿದ್ದರೆ ಅವನ ಅಂಕ ಹತ್ತು. ಇಪ್ಪತ್ತು ಲೇಖನಗಳು ತಲಾ ಇಪ್ಪತ್ತು ಬಾರಿಯಾದರೆ ಇಪ್ಪತ್ತು. ಒಂದೇ ಒಂದು ಲೇಖನ ಬರೆದವನನ್ನು ಸಾವಿರ ಜನ ಉಲ್ಲೇಖಿಸಿದರೂ ಅವನ ಅಂಕ ಒಂದನ್ನು ದಾಟುವುದಿಲ್ಲ! ಅಳತೆಗೋಲು ಅನುಕೂಲವಾದದ್ದು, ನಿಜ. ಆದರೆ ಅಕ್ಕಿಯನ್ನು ಅಳೆಯುವ ಸೇರಿನಿಂದ ಅತ್ತರನ್ನು ಅಳೆಯಲು ಹೊರಟರೆ ಏನಾದೀತು? ಈ ಪ್ರಶ್ನೆಗೆ ಉತ್ತರವಾಗಬಲ್ಲ ಒಬ್ಬ ವಿಜ್ಞಾನಿಯ ಕಥೆ ನಮ್ಮ ನಾಡಿನ ನೆಲಕ್ಕೂ ತಾಗಿಕೊಂಡಿದೆ. ಅವನ ಅಂಕಿಗಳಲ್ಲಿ ಹುಬ್ಬಳ್ಳಿಯ ಓಣಿಗಳ ಜನ ಸೇರಿದ್ದಾರೆ.

*

ವಾಲ್ಡೆಮರ್ ಹಾಫ್‌ಕಿನ್ ಹುಟ್ಟಿದ್ದು 1860ರಲ್ಲಿ, ಕಪ್ಪು ಸಮುದ್ರದ ತೀರದ ಒಡೆಸ್ಸಾ ಪಟ್ಟಣದಲ್ಲಿ. ಜಾತಿಯಿಂದ ಯೆಹೂದಿ. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಅವನ ಗುರು ಇಲ್ಯಾ ಮೆಚ್ನಿಕಾಫ್. ನೆತ್ತರಿನ ಬಿಳಿಯ ಕಣಗಳು ಹೊರಗಿನಿಂದ ಬಂದ ಜೀವಾಣುಗಳನ್ನು ನುಂಗಿ ಹಾಕುತ್ತವೆಂದು ತೋರಿಸಿ, ರೋಗನಿರೋಧಶಾಸ್ತ್ರಕ್ಕೆ ತಳಹದಿಯನ್ನು ಹಾಕಿ, 1908ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಮಹನೀಯ ಈತ. ಅಂಥವನ ಶಿಷ್ಯನಾಗಿದ್ದೂ ಹಾಫ್‌ಕಿನ್‌ಗೆ ಒಡೆಸ್ಸಾದಲ್ಲಿ ಪ್ರಾಧ್ಯಾಪಕ ಪದವಿಯ ಬಾಗಿಲು ತೆರೆಯಲಿಲ್ಲ. ಮತಾಂತರಕ್ಕೆ ಅವನು ಒಪ್ಪಲಿಲ್ಲ. ಮೊದಲು ಜಿನೀವಾ, ಆಮೇಲೆ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆ. ಅಲ್ಲಿ ಖಾಲಿ ಇದ್ದದ್ದು ಗ್ರಂಥಾಲಯದ ಸಹಾಯಕನ ಕೆಲಸ, ಅದನ್ನೇ ಹಿಡಿದ. ಹಗಲು ಪುಸ್ತಕಗಳನ್ನು ಕಾಯುವುದು, ಉಳಿದ ಹೊತ್ತು ಜೀವಾಣುಗಳನ್ನು ಕಾಯುವುದು.

ಆ ವೇಳೆಗೆ ಅವನ ಹೆಸರಿನಲ್ಲಿ ಅಚ್ಚಾಗಿದ್ದದ್ದು ಏಕಕೋಶದ ಸೂಕ್ಷ್ಮಜೀವಿಗಳ ಮೇಲಿನ ಕೆಲವು ಲೇಖನಗಳು. ಇಂದಿನ ಸಮಿತಿಯ ಮುಂದೆ ಆ ಪಟ್ಟಿಯನ್ನಿಟ್ಟಿದ್ದರೆ ದೊಡ್ಡ ಹುದ್ದೆ ಸಿಕ್ಕೀತೆಂದು ಹೇಳಲಾಗದು. ಆದರೆ 1892ರ ಜುಲೈ 18ರಂದು ತಾನು ತಯಾರಿಸಿದ ಕಾಲರಾ ಚುಚ್ಚುಮದ್ದನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಅದೇ ತಿಂಗಳ 30ರಂದು ಪ್ಯಾರಿಸ್ಸಿನ ಜೀವಶಾಸ್ತ್ರ ಸಂಘಕ್ಕೆ ವರದಿಯನ್ನೊಪ್ಪಿಸಿದ. ಪ್ರಯೋಗಕ್ಕೂ ಪ್ರಕಟನೆಗೂ ನಡುವೆ ಹನ್ನೆರಡೇ ದಿನ. 1893ರಲ್ಲಿ ಭಾರತಕ್ಕೆ ಬಂದು, ಎರಡೂವರೆ ವರ್ಷಗಳೊಳಗೆ ಸುಮಾರು 42 ಸಾವಿರ ಜನರಿಗೆ ಕಾಲರಾ ಸೂಜಿ ಹಾಕಿದ. ಹಾಕಿಸಿಕೊಂಡವರೆಷ್ಟು, ಹಾಕಿಸಿಕೊಳ್ಳದವರೆಷ್ಟು, ಎರಡು ಗುಂಪಿನಲ್ಲಿಯೂ ಬೇನೆ ಬಿದ್ದವರೆಷ್ಟು, ಸತ್ತವರೆಷ್ಟು ಎಂದು ಬರೆದಿಡುವ ಅಭ್ಯಾಸ ಆಗಲೇ ಅವನ ಕೈಗೆ ಹತ್ತಿತ್ತು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಅಕ್ಟೋಬರಿನಲ್ಲಿ ಸರ್ಕಾರ ಹಾಫ್‌ಕಿನ್‌ನನ್ನು ಅಲ್ಲಿಗೆ ಕಳುಹಿಸಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಮೊಗಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು: ಇಷ್ಟೇ ಅವನ ಪ್ರಯೋಗಶಾಲೆ. ಪ್ಲೇಗಿನ ಜೀವಾಣುವನ್ನು ಯರ್ಸಿನ್ ಎಂಬಾತ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದು ಆಗ ಎರಡೇ ವರ್ಷವಾಗಿತ್ತು. ಹಾಫ್‌ಕಿನ್ ಅದನ್ನು ಮಾಂಸದ ಸಾರಿನಲ್ಲಿ ಬೆಳೆಸಿದ. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ಜೀವಾಣುಗಳು ಆ ಹನಿಗಳಿಗೆ ಅಂಟಿಕೊಂಡು, ಗವಿಯ ಚಾವಣಿಯಿಂದ ಇಳಿಬಿದ್ದ ಸುಣ್ಣದ ಕೋಡುಗಳಂತೆ ಕೆಳಗಿಳಿಯುತ್ತಿದ್ದುವು. ಅವನ್ನು ಕಾಯಿಸಿ ಕೊಂದು, ಕೆಡದಂತೆ ಕಾರ್ಬಾಲಿಕ್ ಆಮ್ಲವನ್ನು ಬೆರೆಸಿದರೆ ಮದ್ದು ಸಿದ್ಧ. ಸತ್ತ ಜೀವಾಣುವಿಗೆ ರೋಗ ತರುವ ಶಕ್ತಿಯಿಲ್ಲ. ಆದರೆ ಅದರ ಮೈಯ ಗುರುತು ಉಳಿದಿರುತ್ತದೆ. ಶರೀರ ಆ ಗುರುತನ್ನು ಕಲಿತು ಪ್ರತಿಕಾಯಗಳೆಂಬ ಆಯುಧಗಳನ್ನು ಮಾಡಿಕೊಳ್ಳುತ್ತದೆ. ಮುಂದೆ ನಿಜವಾದ ವೈರಿ ಬಂದಾಗ ಕಾವಲುಗಾರರು ಮಲಗಿರುವುದಿಲ್ಲ.

1897ರ ಜನವರಿ 10ರಂದು ಹಾಫ್‌ಕಿನ್ ಮದ್ದನ್ನು ತಾನೇ ಚುಚ್ಚಿಕೊಂಡ. ಜ್ವರ ಬಂತು, ಇಳಿಯಿತು. ತಿಂಗಳ ಕೊನೆಗೆ ಮುಂಬಯಿಯ ಭಾಯಖಳಾ ಜೈಲಿನಲ್ಲಿ ಪ್ಲೇಗು ಕಾಣಿಸಿಕೊಂಡಿತು. ಕೈದಿಗಳಲ್ಲಿ ಒಪ್ಪಿದ ಸುಮಾರು ಅರ್ಧ ಜನಕ್ಕೆ ಸೂಜಿ ಹಾಕಲಾಯಿತು. ಹಾಕಿಸಿಕೊಳ್ಳದವರಲ್ಲಿ 12 ಮಂದಿಗೆ ಬೇನೆ ಬಂದು 6 ಮಂದಿ ಸತ್ತರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಬಂತು, ಇಬ್ಬರೂ ಬದುಕಿದರು. ಒಂದೇ ಗೋಡೆ, ಒಂದೇ ನೀರು, ಒಂದೇ ಗಂಜಿ, ವ್ಯತ್ಯಾಸ ಸೂಜಿಯೊಂದೇ. ಈ ಲೆಕ್ಕವನ್ನೊಳಗೊಂಡ ಲೇಖನ 1897ರ ಜೂನ್ 12ರ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು.

ಆ ತಾರೀಖನ್ನು ಗಮನಿಸಬೇಕು. ಅದಾದ ಹತ್ತನೆಯ ದಿನ ಪುಣೆಯಲ್ಲಿ ಪ್ಲೇಗಿನ ಅಧಿಕಾರಿ ರ‍್ಯಾಂಡ್ ಚಾಪೇಕರ್ ಸಹೋದರರ ಗುಂಡಿಗೆ ಗುರಿಯಾದ. ಮನೆ ಹೊಕ್ಕು ಶೋಧಿಸುವುದು, ಹೆಂಗಸರನ್ನು ಬೀದಿಯಲ್ಲಿ ತಪಾಸಿಸುವುದು, ಸಾಮಾನುಗಳನ್ನು ಸುಡುವುದು ಜನರನ್ನು ರೊಚ್ಚಿಗೆಬ್ಬಿಸಿದ್ದುವು. ಸಿಪಾಯಿಗಳಿಂದ ಸಾಧಿಸಹೊರಟ ಕೆಲಸ ಒಂದು ಕಡೆ. ಅಂಕಿಗಳನ್ನು ಮುಂದಿಟ್ಟು ಒಪ್ಪಿಸಹೊರಟ ಕೆಲಸ ಮತ್ತೊಂದು ಕಡೆ. ಎರಡನ್ನೂ ಜನ ಒಂದೇ ಸರ್ಕಾರದ ಎರಡು ಕೈಗಳೆಂದೇ ಕಂಡರು. ಅವರನ್ನು ತಪ್ಪೆನ್ನುವುದಾದರೂ ಹೇಗೆ?

*

ರೈಲಿನ ಹಳಿ ಹಿಡಿದು ಪ್ಲೇಗು ಕರ್ನಾಟಕಕ್ಕೂ ಇಳಿಯಿತು. ಧಾರವಾಡ ವಿಜಾಪುರ ಜಿಲ್ಲೆಗಳು ಆಗ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದುವು; ಹುನಗುಂದ ರಾಮಥಾಳಗಳು ವಿಜಾಪುರ ಜಿಲ್ಲೆಯೊಳಗಿದ್ದುವು. ಮನೆಯಲ್ಲಿ ಇಲಿ ಬಿದ್ದರೆ ಊರಿಗೂರೇ ಗಂಟುಮೂಟೆ ಕಟ್ಟಿ ಹೊಲದಲ್ಲಿ ಗುಡಿಸಲು ಹಾಕುವ ಕಾಲ ಅದು. 1898ರ ಆಗಸ್ಟಿನಲ್ಲಿ ಬೆಂಗಳೂರನ್ನೂ ಬೇನೆ ಮುಟ್ಟಿತು. ಒತ್ತೊತ್ತಾದ ಪೇಟೆಯಿಂದ ಜನರನ್ನು ಹೊರತರಲು ಬಸವನಗುಡಿ ಮಲ್ಲೇಶ್ವರಗಳ ಬಡಾವಣೆಗಳು ಹುಟ್ಟಿದ್ದು ಆ ದುರ್ದಿನಗಳ ಫಲವಾಗಿಯೇ.

ಹಾಫ್‌ಕಿನ್‌ನ ಮದ್ದಿಗೆ ದೊಡ್ಡ ಪರೀಕ್ಷೆ ನಡೆದ ಊರುಗಳಲ್ಲಿ ಹುಬ್ಬಳ್ಳಿಯೊಂದು. ಸುಮಾರು 50 ಸಾವಿರ ಜನರ ವ್ಯಾಪಾರದ ಪಟ್ಟಣ; ರೈಲ್ವೆ ಕಾರ್ಖಾನೆ, ಅರಳೆಯ ಗಿರಣಿ, ಸುತ್ತಲ ಹತ್ತೂರಿನ ಜನರ ಓಡಾಟ. 1898ರ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಡಾಕ್ಟರ್ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಊರಿನ ಬಹುಪಾಲು ಜನ ಸೂಜಿ ಹಾಕಿಸಿಕೊಂಡರು. ಎರಡು ಸಲ ಹಾಕಿಸಿಕೊಂಡವರೂ ಬಹಳ. ವಾರವಾರವೂ ಎರಡು ಗುಂಪಿನ ಸಾವುಗಳ ಲೆಕ್ಕ ಬರೆಯಲಾಯಿತು. ಮಳೆಗಾಲದಲ್ಲಿ ಬೇನೆ ಏರಿದಂತೆ ಹಾಕಿಸಿಕೊಳ್ಳದವರ ಸಂಖ್ಯೆ ಕರಗುತ್ತ ಬಂತು; ಅವರಲ್ಲಿಯ ಸಾವಿನ ಪ್ರಮಾಣ ಮಾತ್ರ ಏರುತ್ತ ಹೋಯಿತು. ಧಾರವಾಡ ಗದಗುಗಳಲ್ಲಿಯೂ ಇದೇ ಕೆಲಸ ನಡೆಯಿತು.

ಇದಕ್ಕೂ ಮೊದಲು, ಅದೇ ವರ್ಷದ ಫೆಬ್ರವರಿಯಲ್ಲಿ, ಬರೋಡಾ ಸಂಸ್ಥಾನದ ಉಂಧೇರಾ ಎಂಬ ಹಳ್ಳಿಯಲ್ಲಿ ಹಾಫ್‌ಕಿನ್ ಇನ್ನೂ ಬಿಗಿಯಾದ ಪರೀಕ್ಷೆಯನ್ನು ಮಾಡಿದ್ದ. ಪ್ರತಿಯೊಂದು ಕುಟುಂಬದಲ್ಲಿಯೂ ಅರ್ಧ ಜನಕ್ಕೆ ಸೂಜಿ, ಉಳಿದರ್ಧಕ್ಕೆ ಇಲ್ಲ. ಆಮೇಲೆ ಬೇನೆ ಬಂದ ಮನೆಗಳನ್ನು ನೋಡಿದಾಗ ಸೂಜಿಯಿಲ್ಲದ 64 ಮಂದಿಯಲ್ಲಿ 26 ಮಂದಿ, ಸೂಜಿ ಹಾಕಿಸಿಕೊಂಡ 71 ಮಂದಿಯಲ್ಲಿ 3 ಮಂದಿ ತೀರಿಕೊಂಡಿದ್ದರು. ಒಂದೇ ಒಲೆಯ ಅಡಿಗೆಯನ್ನುಂಡು ಒಂದೇ ಸೂರಿನಡಿ ಮಲಗಿದವರ ಲೆಕ್ಕ ಇದು. ಓದುವವರಿಗೆ ಇದು ಗಣಿತ. ಆ ಮನೆಗಳಿಗೆ ಅದು ಅಣ್ಣ ಉಳಿದು ತಮ್ಮ ಹೋದ ಸಂಗತಿ. ವಿಜ್ಞಾನದ ಪ್ರತಿಯೊಂದು ಕೋಷ್ಟಕದ ಕೆಳಗೂ ಇಂಥ ಹೆಸರಿಲ್ಲದ ಮನೆಗಳಿರುತ್ತವೆ. ಲೇಖನದ ಮೇಲೆ ಅಚ್ಚಾಗುವುದು ಸಂಶೋಧಕನ ಹೆಸರು. ಲೇಖನವನ್ನು ಹೊತ್ತು ನಿಂತಿರುವುದು ಅವರ ಹೆಗಲು.

1899ರ ಜೂನಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಎದುರಿಗೆ ಹಾಫ್‌ಕಿನ್ ಈ ಎಲ್ಲ ಅಂಕಿಗಳನ್ನು ಬಿಡಿಸಿಟ್ಟ. ಭಾಯಖಳಾ ಮತ್ತು ಉಂಧೇರಾಗಳ ಜತೆಗೆ ಹುಬ್ಬಳ್ಳಿಯ ಹೆಸರೂ ಆ ಸಂಘದ ನಡವಳಿಕೆಯ ಪುಟಗಳನ್ನು ಸೇರಿತು.

ಎಲ್ಲರೂ ತಲೆದೂಗಿದರೆಂದಲ್ಲ. ಸರ್ಕಾರ ನೇಮಿಸಿದ ಭಾರತ ಪ್ಲೇಗ್ ಆಯೋಗ ಈ ಲೆಕ್ಕಗಳನ್ನು ಒರೆಗೆ ಹಚ್ಚಿತು. ಜನ ಊರು ಬಿಟ್ಟೋಡುತ್ತಿರುವಾಗ ಸೂಜಿ ಹಾಕಿಸಿಕೊಳ್ಳದವರ ಸಂಖ್ಯೆಯನ್ನು ನಿಖರವಾಗಿ ಹೇಳುವುದು ಹೇಗೆ? ಆಗಲೇ ಬೇನೆಯ ಬೀಜ ಹೊತ್ತವನು ಸೂಜಿಗೆ ಬಾರದೆ ಸತ್ತರೆ ಅವನು ಯಾವ ಗುಂಪಿಗೆ ಸೇರಬೇಕು? ಮದ್ದಿನ ಶಕ್ತಿ ಸೀಸೆಯಿಂದ ಸೀಸೆಗೆ ಬೇರೆಯಾಗಿದ್ದರೆ? ಇಂಥ ಆಕ್ಷೇಪಗಳಿಗೆ ಆಸ್ಪದವಿತ್ತು. ಅಳತೆಯ ನಿಖರತೆಯನ್ನು ಶಂಕಿಸಿದ ಆಯೋಗವೂ ಕಡೆಗೆ, ಚುಚ್ಚುಮದ್ದು ಬೇನೆಯನ್ನೂ ಸಾವನ್ನೂ ಗಣನೀಯವಾಗಿ ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ ಎಂದು ಒಪ್ಪಿಕೊಂಡಿತು. ಅಂಕಿಗಳನ್ನು ಗುಟ್ಟಾಗಿಟ್ಟಿದ್ದರೆ ಆಕ್ಷೇಪವೂ ಇರುತ್ತಿರಲಿಲ್ಲ, ಒಪ್ಪಿಗೆಯೂ ಇರುತ್ತಿರಲಿಲ್ಲ. ಪ್ರಕಟಿಸುವುದೆಂದರೆ ಪೆಟ್ಟು ತಿನ್ನಲು ಮೈಯೊಡ್ಡುವುದೇ ಸರಿ.

*

ದೊಡ್ಡ ಪೆಟ್ಟು ಬಂದದ್ದು 1902ರಲ್ಲಿ. ಪಂಜಾಬಿನಲ್ಲಿ ಪ್ಲೇಗು ಉರಿಯುತ್ತಿತ್ತು. ಲಕ್ಷಗಟ್ಟಲೆ ಮದ್ದು ಬೇಕಾಗಿತ್ತು. ತಯಾರಿಕೆಯನ್ನು ಚುರುಕುಗೊಳಿಸಲು ಹಾಫ್‌ಕಿನ್ ವಿಧಾನವನ್ನು ಬದಲಿಸಿದ. ಕಾಯಿಸುವುದನ್ನೇ ನಂಬಿ ಕಾರ್ಬಾಲಿಕ್ ಆಮ್ಲವನ್ನು ಬಿಟ್ಟ. ಅಕ್ಟೋಬರ್ 30ರಂದು ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಸೂಜಿ ಹಾಕಲಾಯಿತು. ಅವರಲ್ಲಿ ಒಂದೇ ಸೀಸೆಯಿಂದ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ಪ್ಲೇಗಿನಿಂದ ಬದುಕಿಸುವೆನೆಂದು ಬಂದ ಮದ್ದು ಹತ್ತೊಂಬತ್ತು ಜನರನ್ನು ಸುಡುಗಾಡಿಗೆ ಕಳುಹಿಸಿತ್ತು.

ವಿಚಾರಣಾ ಆಯೋಗ ಕುಳಿತಿತು. ಸೀಸೆಯನ್ನು ತೆರೆಯುವುದಕ್ಕೆ ಮೊದಲೇ, ಅಂದರೆ ಮುಂಬಯಿಯ ಪ್ರಯೋಗಶಾಲೆಯಲ್ಲಿಯೇ, ಮದ್ದು ಕೆಟ್ಟಿತ್ತೆಂದು ತೀರ್ಮಾನಿಸಿತು. ಹಾಫ್‌ಕಿನ್ ನಿರ್ದೇಶಕ ಹುದ್ದೆಯನ್ನು ಕಳೆದುಕೊಂಡು ಲಂಡನ್ನಿಗೆ ಹೋದ. ಕಾಲರಾಕ್ಕೂ ಪ್ಲೇಗಿಗೂ ಮದ್ದು ಕೊಟ್ಟವನ ಹೆಸರು ಹತ್ತೊಂಬತ್ತು ಸಾವುಗಳ ಜತೆಗೆ ತಳುಕು ಬಿತ್ತು. ಯೆಹೂದಿಯೊಬ್ಬನ ಮೇಲೆ ಸುಳ್ಳು ಅಪವಾದ ಬಂದ ಫ್ರಾನ್ಸಿನ ಪ್ರಸಿದ್ಧ ಮೊಕದ್ದಮೆಯನ್ನು ನೆನೆದು, ಇದನ್ನು ಸಣ್ಣ ಡ್ರೇಫಸ್ ಪ್ರಕರಣವೆಂದು ಮುಂದೆ ಕರೆದರು.

ಅವನ ಪರವಾಗಿ ಎದ್ದು ನಿಂತವನು ರೊನಾಲ್ಡ್ ರಾಸ್. ಬೆಂಗಳೂರಿನಲ್ಲಿಯೂ ಸೇವೆ ಸಲ್ಲಿಸಿ, ಸಿಕಂದರಾಬಾದಿನಲ್ಲಿ ಮಲೇರಿಯಾದ ಗುಟ್ಟನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡು, 1902ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವನು ಈತ. 1907ರ ಜುಲೈ 29ರ ಟೈಮ್ಸ್ ಪತ್ರಿಕೆಯಲ್ಲಿ ರಾಸ್ ಮತ್ತು ಇತರ ಜೀವಾಣುಶಾಸ್ತ್ರಜ್ಞರು ಒಟ್ಟು ಹತ್ತು ಮಂದಿ ಸಹಿ ಹಾಕಿದ ಪತ್ರ ಬಂತು. ಅವರು ಆಧಾರವಾಗಿ ಹಿಡಿದದ್ದು ಹಾಫ್‌ಕಿನ್‌ನ ಕೀರ್ತಿಯನ್ನಲ್ಲ. ಆಯೋಗದ ಮುಂದೆಯೇ ಬಂದು ಅಚ್ಚಾಗಿದ್ದ ಸಾಕ್ಷ್ಯವನ್ನು. ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಗೆ ಹಿಡಿದು ಶುದ್ಧಿಗೊಳಿಸದೆ ಹಾಗೆಯೇ ಬಳಸಿದ್ದ. ಧನುರ್ವಾಯುವಿನ ಜೀವಾಣು ಮಣ್ಣಿನ ನಿವಾಸಿ. ಅದು ಮುಂಬಯಿಯಲ್ಲಿಯೇ ಸೀಸೆಯನ್ನು ಹೊಕ್ಕು ವಾರಗಟ್ಟಲೆ ಬೆಳೆದಿದ್ದರೆ ಮುಚ್ಚಳ ತೆಗೆದೊಡನೆ ದುರ್ವಾಸನೆ ಹೊಡೆಯಬೇಕಾಗಿತ್ತು. ಅಂಥ ವಾಸನೆ ಬಂದಿರಲಿಲ್ಲ. ಈ ವಾದ ಗೆದ್ದಿತು. 1907ರ ಕೊನೆಯ ವೇಳೆಗೆ ಅಪವಾದ ಕಳೆಯಿತು. ಹಾಫ್‌ಕಿನ್ ಭಾರತಕ್ಕೆ ಮರಳಿದ. ಆದರೆ ಮುಂಬಯಿಯ ಹಳೆಯ ಸ್ಥಾನ ಮರಳಲಿಲ್ಲ. ಕಲ್ಕತ್ತೆಯ ಪ್ರಯೋಗಶಾಲೆಯೊಂದರಲ್ಲಿ ಕೆಲವು ವರ್ಷಗಳಿದ್ದು ನಿವೃತ್ತನಾಗಿ ಯುರೋಪಿಗೆ ಹೋದ. 1930ರಲ್ಲಿ ಲೋಸಾನ್ ಪಟ್ಟಣದಲ್ಲಿ ತೀರಿಕೊಂಡ.

1899ರಿಂದ ಪರಳಿನ ಹಳೆಯ ಸರ್ಕಾರಿ ಭವನದಲ್ಲಿ ನಡೆಯುತ್ತಿದ್ದ ಅವನ ಪ್ಲೇಗ್ ಪ್ರಯೋಗಶಾಲೆಗೆ 1925ರಲ್ಲಿ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಟ್ಟರು. ಆ ವೇಳೆಗೆ ಅಲ್ಲಿಂದ ಹೊರಬಿದ್ದಿದ್ದ ಪ್ಲೇಗಿನ ಮದ್ದು ಸುಮಾರು 2 ಕೋಟಿ 60 ಲಕ್ಷ ಜನರಿಗೆ ಸಾಲುವಷ್ಟು. 1964ರಲ್ಲಿ ಭಾರತ ಸರ್ಕಾರ ಅವನ ಚಿತ್ರದ ಅಂಚೆಚೀಟಿಯನ್ನು ಹೊರತಂದಿತು.

*

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಹಾಫ್‌ಕಿನ್‌ನ ಪ್ರಭಾವವನ್ನು ಉಲ್ಲೇಖಗಳ ಸಂಖ್ಯೆಯಿಂದ ಎಣಿಸಿದರೆ ಎಷ್ಟು ಸಿಕ್ಕೀತು? ಅವನ ಕಾಲದಲ್ಲಿ ಅಂಥ ಸೂಚಿಯೇ ಇರಲಿಲ್ಲ. ಈಗ ಹಿಂದಕ್ಕೆ ಹೋಗಿ ಎಣಿಸಿದರೂ ಲೆಕ್ಕ ಕೊರತೆಯದೇ ಆದೀತು. ಒಂದು ವಿಚಾರ ಎಲ್ಲರ ಸೊತ್ತಾದ ಮೇಲೆ ಅದನ್ನು ಮೊದಲು ಹೇಳಿದವನನ್ನು ಯಾರೂ ಹೆಸರಿಸುವುದಿಲ್ಲ. ಸೊನ್ನೆಯನ್ನು ಬರೆಯುವಾಗ ಅದನ್ನು ಕೊಟ್ಟವರನ್ನು ಯಾವ ಗುಮಾಸ್ತ ಸ್ಮರಿಸುತ್ತಾನೆ? ಕೊಂದ ಜೀವಾಣುವಿನಿಂದ ಮದ್ದು ಮಾಡುವುದು, ಸೂಜಿ ಹಾಕಿದ ಗುಂಪನ್ನು ಹಾಕದ ಗುಂಪಿನೊಡನೆ ಹೋಲಿಸುವುದು ಇಂದು ವೈದ್ಯಲೋಕದ ದಿನಬಳಕೆಯಾಗಿವೆ. ಅತ್ಯಂತ ಆಳವಾದ ಪ್ರಭಾವವೇ ಕಣ್ಣಿಗೆ ಕಾಣದಾಗುವ ವಿಚಿತ್ರ ಇದು.

ಇನ್ನೊಂದು ಬಗೆಯ ಪ್ರಭಾವವೂ ಉಂಟು. 1915ರಲ್ಲಿ ಗ್ರೀನ್‌ವುಡ್ ಮತ್ತು ಯೂಲ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಟೈಫಾಯ್ಡ್ ಮತ್ತು ಕಾಲರಾ ಚುಚ್ಚುಮದ್ದುಗಳ ಅಂಕಿಗಳನ್ನು ಹೇಗೆ ಓದಬೇಕೆಂಬ ಬಗ್ಗೆ ದೀರ್ಘ ಲೇಖನವನ್ನು ಬರೆದರು. ಎರಡು ಗುಂಪುಗಳೂ ಮುಖ್ಯ ವಿಷಯಗಳಲ್ಲಿ ಒಂದೇ ತೆರನಾಗಿರಬೇಕು. ಬೇನೆಗೆ ಒಡ್ಡಿಕೊಳ್ಳುವ ಸಂಭವ ಇಬ್ಬರಿಗೂ ಸಮನಾಗಿರಬೇಕು. ಸೂಜಿ ಹಾಕಿಸಿಕೊಂಡವನೇ ಎಂಬ ತೀರ್ಮಾನವೂ ಬೇನೆ ಬಿದ್ದವನೇ ಎಂಬ ತೀರ್ಮಾನವೂ ಒಂದನ್ನೊಂದು ಅವಲಂಬಿಸಬಾರದು. ಹುಬ್ಬಳ್ಳಿಯಂಥ ಊರುಗಳ ಲೆಕ್ಕದ ಮೇಲೆ ಬಂದ ಆಕ್ಷೇಪಗಳು ಇಂಥ ನಿಯಮಗಳ ಅಗತ್ಯವನ್ನೇ ಎತ್ತಿ ತೋರಿಸಿದ್ದುವು. ಆ ಅಂಕಿಗಳು ಎಷ್ಟರ ಮಟ್ಟಿಗೆ ಸರಿಯಾಗಿದ್ದುವೋ ಅಷ್ಟು ಪ್ರಯೋಜನವಾಯಿತು. ಎಷ್ಟರ ಮಟ್ಟಿಗೆ ಸಡಿಲವಾಗಿದ್ದುವೋ ಅದರಿಂದಲೂ ಪ್ರಯೋಜನವಾಯಿತು.

ಪ್ರಭಾವ ತಡವಾಗಿ ಬರುವುದೂ ಉಂಟು. ಪ್ಲೇಗನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಚಿಗಟವೆಂದು ಫ್ರಾನ್ಸಿನ ಸೀಮೋ ಎಂಬ ವೈದ್ಯ 1898ರಲ್ಲಿಯೇ ಬರೆದ. ವಿದ್ವಾಂಸರು ನಕ್ಕರು. ಕೆಲವು ವರ್ಷಗಳ ತರುವಾಯ ಮುಂಬಯಿಯಲ್ಲಿಯೇ ಲಿಸ್ಟನ್ ಮುಂತಾದವರು ಪರೀಕ್ಷಿಸಿ ಒಪ್ಪಿಕೊಂಡರು. ಆ ನಡುವೆ ಎಷ್ಟು ಮನೆಗಳ ನೆಲವನ್ನು ವ್ಯರ್ಥವಾಗಿ ತೊಳೆದರೋ!

ಕಲ್ಕತ್ತೆಯ ಶಂಭುನಾಥ ಡೇ ಅವರ ಕಥೆ ಇದಕ್ಕಿಂತ ಮರುಕ ಹುಟ್ಟಿಸುವಂಥದು. ಕಾಲರಾ ಜೀವಾಣುವು ಮನುಷ್ಯನನ್ನು ಕೊಲ್ಲುವುದು ತಾನು ಸ್ರವಿಸುವ ಒಂದು ವಿಷದಿಂದ, ಆ ವಿಷ ಕೆಲಸ ಮಾಡುವುದು ಕರುಳಿನಲ್ಲಿ ಎಂದು ಮೊಲಗಳ ಮೇಲಿನ ಪ್ರಯೋಗದಿಂದ ತೋರಿಸಿದವರು ಅವರು. 1953ರಲ್ಲಿ ಪ್ರಯೋಗದ ವಿಧಾನ, 1959ರಲ್ಲಿ ನೇಚರ್ ಪತ್ರಿಕೆಯಲ್ಲಿ ವಿಷದ ಸಂಗತಿ ಅಚ್ಚಾದುವು. ಕಾಲರಾದ ಅರ್ಥವನ್ನೇ ತಿರುಗಿಸಿದ ಆ ಲೇಖನ ಬಹುಕಾಲ ಮೂಲೆಯಲ್ಲಿಯೇ ಉಳಿಯಿತು. 1978ರಲ್ಲಿ ನೊಬೆಲ್ ವಿಚಾರಗೋಷ್ಠಿಯೊಂದಕ್ಕೆ ಕರೆ ಬಂದುದೇ ದೊಡ್ಡ ಮನ್ನಣೆ. 1985ರಲ್ಲಿ ಅವರು ತೀರಿಕೊಂಡ ಮರುವರ್ಷ, ಉಲ್ಲೇಖಗಳ ಸೂಚಿಯನ್ನು ಹುಟ್ಟುಹಾಕಿದ ಅದೇ ಗಾರ್ಫೀಲ್ಡ್, ಇಂಥ ದೊಡ್ಡ ಸಂಶೋಧನೆಯನ್ನು ಜಗತ್ತು ಕಡೆಗಣಿಸಿತ್ತೆಂದು ಎತ್ತಿ ತೋರಿಸಿದ. ಬೆಂಗಳೂರಿನಿಂದ 1932ರಿಂದ ಪ್ರಕಟವಾಗುತ್ತ ಬಂದ ಕರೆಂಟ್ ಸೈನ್ಸ್ ಪತ್ರಿಕೆ 1990ರಲ್ಲಿ ಡೇ ಅವರಿಗಾಗಿ ಒಂದು ವಿಶೇಷ ಸಂಚಿಕೆಯನ್ನು ಮೀಸಲಿಟ್ಟಿತು. ಬದುಕಿರುವಾಗ ದೇಶದ ಯಾವ ಹಿರಿಯ ವಿಜ್ಞಾನ ಅಕಾಡೆಮಿಯೂ ತನ್ನ ಸದಸ್ಯನಾಗಿ ಆರಿಸದಿದ್ದ ವಿಜ್ಞಾನಿಗೆ ಕನ್ನಡ ನೆಲದ ಪತ್ರಿಕೆಯೊಂದು ತೀರಿಸಿದ ಋಣ ಅದು. ಅಚ್ಚಾಗಿದ್ದುದರಿಂದ ತೀರಿಸುವುದು ಸಾಧ್ಯವಾಯಿತು. ಬರೆಯದೆ ಬಿಟ್ಟಿದ್ದರೆ ಋಣವಿತ್ತೆಂಬುದೂ ತಿಳಿಯುತ್ತಿರಲಿಲ್ಲ.

ಇದರಿಂದ ಅಂಕಿಗಳೇ ಬೇಡವೆಂದು ಹೊರಡುವುದು ಅವಿವೇಕ. ಅಂಕಿಯಿಲ್ಲದ ಕಡೆ ಶಿಫಾರಸ್ಸು ಬಂದು ಕೂರುತ್ತದೆ. ಬಂಧುಬಳಗದ ಮಾತು ಯೋಗ್ಯತೆಯ ಮಾತನ್ನು ಮುಳುಗಿಸುತ್ತದೆ. ಉಲ್ಲೇಖದ ಲೆಕ್ಕ ಆ ಮಟ್ಟಿಗೆ ಬಡವರ ಮಕ್ಕಳಿಗೆ ರಕ್ಷೆಯೇ. ಆದರೆ ಲೆಕ್ಕವೇ ಗುರಿಯಾದಾಗ ಒಂದು ಲೇಖನವನ್ನು ಮೂರಾಗಿ ಸೀಳುವುದು, ತನ್ನನ್ನು ತಾನೇ ಉಲ್ಲೇಖಿಸುವುದು, ನೀನು ನನ್ನನ್ನು ಹೊಗಳು ನಾನು ನಿನ್ನನ್ನು ಹೊಗಳುವೆನೆಂಬ ಒಪ್ಪಂದ, ಹಣ ತೆಗೆದುಕೊಂಡು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು, ಇವೆಲ್ಲ ಹುಟ್ಟುತ್ತವೆ, ಹುಟ್ಟಿಯೂ ಇವೆ. ಈ ರೋಗವನ್ನು ಕಂಡೇ 2012ರ ಡಿಸೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರೂ ವಿಜ್ಞಾನಿಗಳೂ ಒಂದು ಘೋಷಣೆಯನ್ನು ರೂಪಿಸಿದರು: ಪತ್ರಿಕೆಯ ಹೆಸರಿನಿಂದ ಲೇಖನದ ಬೆಲೆಯನ್ನು ಕಟ್ಟಬೇಡಿ, ಲೇಖನವನ್ನು ಓದಿ ಕಟ್ಟಿರಿ ಎಂಬುದು ಅದರ ಸಾರ. ಓದಬೇಕೆಂದು ವಿದ್ವಾಂಸರಿಗೆ ಘೋಷಣೆ ಹೊರಡಿಸಬೇಕಾಗಿ ಬಂದದ್ದು ಕಾಲದ ಮಹಿಮೆ.

ಹಾಗಾದರೆ ಸಂಶೋಧನೆಯ ಹಾದಿ ಹಿಡಿದ ಮಗಳನ್ನು ಮನೆಯ ಹಿರಿಯರು ಕೇಳತಕ್ಕ ಪ್ರಶ್ನೆ ಯಾವುದು? ಎಷ್ಟು ಲೇಖನ ಬರೆದೆ ಎಂದು ಕೇಳಿದರೆ ಅವಳು ಒಂದು ಸಂಖ್ಯೆಯನ್ನು ಹೇಳಿ ಸುಮ್ಮನಾಗುವಳು. ನೀನು ಬರೆದದ್ದನ್ನು ನಿನಗೆ ಆಗದವನೊಬ್ಬ ಪರೀಕ್ಷಿಸಿ ನೋಡಬಹುದೇ, ತಪ್ಪಿದ್ದರೆ ಅದನ್ನು ಕಂಡುಹಿಡಿಯುವಷ್ಟು ವಿವರವನ್ನು ಕೊಟ್ಟಿರುವೆಯಾ ಎಂದು ಕೇಳಿದರೆ ಮಾತು ಮುಂದುವರಿಯುತ್ತದೆ. ಹಾಫ್‌ಕಿನ್‌ನ ಮದ್ದು ಉಳಿದದ್ದು ಅವನ ಅಂಕಿಗಳನ್ನು ಸಂಶಯದಿಂದ ನೋಡಿದವರೂ ತೂಗಿ ನೋಡಬಹುದಾದ ಹಾಗೆ ಇದ್ದುದರಿಂದ; ಅವನ ಮಾನ ಉಳಿದದ್ದು ಅವನ ವಿರುದ್ಧದ ಸಾಕ್ಷ್ಯವೂ ಅಚ್ಚಾಗಿದ್ದುದರಿಂದ.

ರಾಮಥಾಳದ ಹೆಸರು ಈಚಿನ ವರ್ಷಗಳಲ್ಲಿ ಒಂದು ಹನಿ ನೀರಾವರಿ ಯೋಜನೆಯಿಂದ ದೂರದೂರಕ್ಕೆ ಕೇಳಿಬಂದಿದೆ. ಕೃಷ್ಣೆಯ ನೀರನ್ನು ಮೇಲಕ್ಕೆತ್ತಿ, ಕೊಳವೆಗಳಲ್ಲಿ ಹರಿಸಿ, 24 ಸಾವಿರ ಹೆಕ್ಟೇರ್ ಎರೆಭೂಮಿಗೆ ಹನಿಹನಿಯಾಗಿ ಉಣಿಸಬೇಕೆಂದು ರೂಪುಗೊಂಡ ಯೋಜನೆ ಅದು. ಅಲ್ಲಿಯ ರೈತ ಯೋಜನೆಯ ಬೆಲೆಯನ್ನು ಕೊಳವೆಯ ಉದ್ದದಿಂದ ಕಟ್ಟುವುದಿಲ್ಲ. ತನ್ನ ಹೊಲದ ಕೊನೆಯ ಸಾಲಿನ ಗಿಡದ ಬುಡ ತೇವವಾಗಿದೆಯೇ ಎಂದು ಬೆರಳಿಟ್ಟು ನೋಡುತ್ತಾನೆ. ವಿದ್ವತ್ತಿನ ಪಟ್ಟಿಗಳನ್ನು ಕೈಯಲ್ಲಿ ಹಿಡಿದ ಸಮಿತಿಗಳೂ ಒಮ್ಮೆ ಹಾಗೆ ಬೆರಳಿಟ್ಟು ನೋಡುವುದು ಲೇಸು.